ಕೊನೆಯ ಸ್ಟೇಷನ್

ಹರ್ಸ್ಟ್‌ಬ್ರಿಜ್. ಮೆಲ್ಬರ್ನಿನ ಹಳಿ ಇಲ್ಲಿಗೆ ಮುಗಿಯಿತು.
ಇಳಿದದ್ದು ನಾನು, ಒಂದು ಸೈಕಲ್, ಅದರ ಹುಡುಗಿ.

ಡೆಲ್ಫೀನ್ ಬರುವ ತನಕ, ಎರಡು ದಿನ,
ಅವಳ ಕುರುಡು ನಾಯಿ ನನ್ನ ಪಾಲಿಗೆ.
ಫ್ರಿಜ್ ಮೇಲೊಂದು ಚೀಟಿ:
ಕುರ್ಚಿ ಕದಲಿಸಬೇಡ, ಅವನಿಗೆ ಮನೆ ಬಾಯಿಪಾಠ.

ಶನಿವಾರ. ಯಾರೋ ಹುಲ್ಲು ಕತ್ತರಿಸಿ ಮಿಷನ್ ನಿಲ್ಲಿಸಿದರು.
ಆಮೇಲಿನ ಮೌನಕ್ಕೆ ಹಸಿ ವಾಸನೆ.
ವಾರ್ಡಿನ ಮಾನಿಟರುಗಳ ಕೂಗಿಗೆ ಪಳಗಿದ ಕಿವಿ
ಏನನ್ನೋ ಹುಡುಕಿ, ಸಿಗದೆ,
ಕೆಟಲಿನ ಸದ್ದಿಗೇ ಬೆಚ್ಚಿತು.

ರಾತ್ರಿ ನೀರಿಗೆಂದು ಎದ್ದೆ, ದೀಪ ಹಾಕದೆ.
ಸ್ಟೂಲಿಗೆ ಮೊಣಕಾಲು ಬಡಿದು ಕನ್ನಡದಲ್ಲೇ ಬೈದೆ.
ಸರಿಸಿಟ್ಟವಳೂ ನಾನೇ.
ನಾಯಿ ಬಂತು, ಕಾಲಿಗೆ ಮೈ ಒರಸಿ
ಮುಂದೆ ಮುಂದೆ ನಡೆದು
ನಲ್ಲಿಯ ತನಕ ಬಿಟ್ಟು ಹೋಯಿತು.

ಭಾನುವಾರ ಸಂಜೆ ಅದೇ ರೈಲು, ಅದೇ ಹಳಿ.
ಬರುವಾಗ ಮೂತಿಯಾಗಿದ್ದದ್ದು
ಈಗ ಬಾಲ.