ಕೊಳವೆ ಹಿಡಿದವಳು

ಆಗ ನನ್ನ ಕೆಲಸ ಬಲು ಸಣ್ಣದು:
ದೋಣಿಯಲ್ಲಿ ಕೂತು ಗಾಳಿಯಂತ್ರದ ಸದ್ದು ಕೇಳುವುದು,
ಹಳದಿ ಕೊಳವೆ ಗಂಟು ಬೀಳದಂತೆ ಬಿಡುತ್ತ ಹೋಗುವುದು.
ಅದರ ಆ ತುದಿಗೆ, ಎಂಟು ಮಾರು ಕೆಳಗೆ,
ಹಲ್ಲಿನಲ್ಲಿ ಉಸಿರು ಕಚ್ಚಿಕೊಂಡ ಅಣ್ಣ, ಜುಸೆಲೀನೊ.

ಶಿಂಗು ನದಿಗೆ ಅಲ್ಲಿ ತಳವೆಲ್ಲ ಬಂಡೆ, ಬಂಡೆಯೆಲ್ಲ ಬಿರುಕು.
ಬಿರುಕಿನೊಳಗೆ ಅಕಾರಿ.
ಬೆರಳುದ್ದದ ಮೀನು, ಬಿಳಿ ಮೈಗೆ ಕಪ್ಪು ಪಟ್ಟೆ,
ಲೇಖನಿ ಎತ್ತದೆ ಎಳೆದ ಹಾಗೆ.
ಮೂತಿಯ ಹತ್ತಿರ ಮಾತ್ರ ಬರೆದವನ ಕೈ ನಡುಗಿತೋ ಏನೋ,
ಅಲ್ಲೊಂದು ಅಕ್ಷರದಂಥದ್ದು. ನಮಗೆ ಓದಲು ಬರಲಿಲ್ಲ.

ಹಿಡಿಯಬಾರದೆಂದು ಕಾನೂನು. ಅದಕ್ಕೇ ರಾತ್ರಿ.

ಗಂಡು ಗೂಡು ಬಿಟ್ಟು ಕದಲದು, ಅನ್ನುತ್ತಿದ್ದ ಅಣ್ಣ.
ಹದಿನೈದೋ ಹದಿನಾರೋ ಮೊಟ್ಟೆ, ಒಂದಕ್ಕೊಂದು ಅಂಟಿ;
ಕೂಳು ಮರೆತು, ಬಾಗಿಲಿಗೆ ಬಾಲ ಕೊಟ್ಟು,
ಹಗಲೂ ಇರುಳೂ ರೆಕ್ಕೆ ಬೀಸುತ್ತದೆ.
ಕಡ್ಡಿಯಿಂದ ತಿವಿದರೆ ಮುಳ್ಳು ಕೆದರಿ
ಬಂಡೆಗೆ ಬಂಡೆಯಾಗುತ್ತದೆ.
"ಅಪ್ಪ ಅಂದ್ರೆ ಅದು" ಎಂದು ನೀರಿಗೆ ಉಗುಳಿದ ಒಮ್ಮೆ.
ನಮ್ಮಪ್ಪನ ಮಾತು ಇಬ್ಬರೂ ಎತ್ತಲಿಲ್ಲ.

ಆ ರಾತ್ರಿ ಯಂತ್ರ ಕೆಮ್ಮಿತು.
ಒಮ್ಮೆ. ಮತ್ತೊಮ್ಮೆ. ನಿಂತಿತು.
ಹಗ್ಗ ಎಳೆದೆ, ಬೈದೆ, ಮತ್ತೆ ಎಳೆದೆ,
ಸಂತ ಸೆಬಾಸ್ತಿಯಾವುಗೆ ಮೊಳದುದ್ದ ಮೇಣದ ಬತ್ತಿ ಹರಸಿಕೊಂಡೆ.
ಕೊಳವೆ ಅಂಗೈಯಲ್ಲಿ ಮೆತ್ತಗಾಯಿತು.
ಅಣ್ಣ ಮೇಲೆ ಬಂದ. ಮೂಗಲ್ಲಿ ರಕ್ತ.
ಬಲಗೈ ಮುಷ್ಟಿ ಬಿಚ್ಚಲಿಲ್ಲ ಬಹಳ ಹೊತ್ತು.
ಬಿಚ್ಚಿದಾಗ ಒಳಗೆ ಅದು, ಕಿವಿರು ಆಡಿಸುತ್ತ.
ಮೊಟ್ಟೆ ಕೆಳಗೇ ಉಳಿದವು.

ಹತ್ತು ದಿನದ ಅಕ್ಕಿ ಬಂತು ಅದರಿಂದ.
ರುಚಿಯಾಗಿಯೇ ಉಂಡೆವು, ಸುಳ್ಳು ಯಾಕೆ.
ಬತ್ತಿ ಇನ್ನೂ ಹಚ್ಚಿಲ್ಲ.

ಈಗ ಮೇಲೆ ಅಣೆಕಟ್ಟು, ನದಿ ಅಲ್ಲಿ ಮೊಣಕಾಲಿಗೆ.
ಅಣ್ಣ ಪೇಟೆಯಲ್ಲಿ ಬೈಕು ಬಾಡಿಗೆಗೆ ಓಡಿಸುತ್ತಾನೆ,
ಎಡಗಿವಿ ಸತ್ತಿದೆ, ಬಲಕ್ಕೆ ಕೂತು ವಿಳಾಸ ಕೂಗಬೇಕು.

ಮೊನ್ನೆ ಮಗಳು ತೈನಾ ಫೋನಿನಲ್ಲಿ ತೋರಿಸಿದಳು:
ಯಾವುದೋ ಹಿಮದೂರಿನ ಗಾಜಿನ ಪೆಟ್ಟಿಗೆಯಲ್ಲಿ
ನೂರಾರು ಅಕಾರಿ, ಅಲ್ಲೇ ಹುಟ್ಟಿದವು,
ಹೆಸರಿನ ಜಾಗದಲ್ಲೊಂದು ನಂಬರು,
ಬಂಡೆಯ ಜಾಗದಲ್ಲಿ ಸುಟ್ಟ ಮಣ್ಣಿನ ನಳಿಗೆ,
ಮೂಲೆಯಲ್ಲಿ ಗುಳ್ಳೆ ಬಿಡುವ ಸಣ್ಣದೊಂದು ಕೊಳವೆ.
ಗಂಡೊಂದು ಬಾಗಿಲಿಗೆ ಬಾಲ ಕೊಟ್ಟು ಕೂತಿತ್ತು.

ಸದ್ದು ಜೋರು ಮಾಡೇ, ಅಂದೆ.
ಮೀನೇನು ಮಾತಾಡುತ್ತಾ ಅಮ್ಮ, ನಕ್ಕಳು.
ನಾನು ಯಂತ್ರ ಕೇಳುತ್ತಿದ್ದೆ,
ಕೆಮ್ಮುತ್ತದೋ ಎಂದು.