ಸೆರಗು ಝಾಡಸ್ರಿ

ಕಪನೂರ ಮಿಲ್ಲಿನ ಗೇಟಿನಾಗ
ದಿನಾ ಸಂಜಿ ಆರಕ್ಕ
ವಾಚಮನ್ ಅಂತಾನ: ಸೆರಗು ಝಾಡಸ್ರಿ.
ಝಾಡಸ್ತೀವಿ.
ಮ್ಯಾಲಿಂದ ಎರಡು ಸಲ, ನಿರಿಗಿ ಒಂದು ಸಲ.
ಒಂದು ಬ್ಯಾಳಿ ಬಿದ್ರ
ಅವತ್ತಿನ ಅರ್ಧ ಪಗಾರ ಹೋಯ್ತು.

ನನ್ನ ಕೈಯಾಗಿಂದ ದಿನಕ್ಕ
ನಾಕು ಚೀಲ ಹಾದು ಹೋಗ್ತಾವ.
ಹಳ್ಳು ನೋಡ್ತೀನಿ, ಹುಳ ನೋಡ್ತೀನಿ,
ಒಡಕು ಒಂದು ಕಡಿ.
ಮನ್ಯಾಗ ಸಾರಿಗಿ ಬ್ಯಾಳಿ ಇಲ್ಲ,
ಹುಣಸಿ ನೀರಿಗಿ ಅರಿಶಿಣ ಹಾಕಿ
ಬಣ್ಣ ತರ್ತೀನಿ.
ಸಣ್ಣ ಮಗಳು ಸೌಟು ತಳಕ್ಕ ಬಿಟ್ಟು
ತಿರುವಿ ತಿರುವಿ ನೋಡ್ತಾಳ,
ಏನೂ ಅನ್ನಲ್ಲ.

ದೀಪಾಳಿಗಿ ಸಾವಕಾರ ಮೂರನೇ ಮಿಲ್ಲಿಗಿ ಪೂಜಾ ಮಾಡ್ದ.
ನಮಗ ಪೇಢೆ, ಒಂದೊಂದು.
ಪಗಾರ ಕೇಳಿದ್ರ
"ಬಜಾರ್ ಡೌನ್ ಅದವ್ವ" ಅಂದ.
ಬಜಾರ್ ಏರಿದಾಗ ನಾವು ಎಲ್ಲಿದ್ವಿ?
ಖುತೇಜಾಬಿ ಕೇಳಿದ್ದು ಇಷ್ಟೇ.
ಮರುದಿನ ಹಾಜರಿ ಬುಕ್ಕಿನಾಗ ಆಕಿ ಹೆಸರು ಇರಲಿಲ್ಲ.

ಇವತ್ತು ಜಗತ್ ಸರ್ಕಲ್‌ನಾಗ ಕುಂತೀವಿ,
ನೂರಾ ಹದಿನೇಳು ಮಂದಿ. ಎಣಿಸಿದ್ದು ಪೊಲೀಸ್ರು.
ಡಾಂಬರು ಕುಂಡಿ ಸುಡ್ಲಾಕತ್ತದ.
ಘೋಷಣಾ ಕೂಗಲಾಕ ನನಗ ಬರಲ್ಲ,
ಮೈಕ್ ಕೊಟ್ರ ಕೆಮ್ಮು ಬರ್ತದ,
ಹನ್ನೆರಡು ವರ್ಷದ ಹೊಟ್ಟಿನ ಧೂಳು.

ಸಾಹೇಬ್ರು ಕಾರಿಂದ ಇಳಿದು
"ಏನು ನಿಮ್ಮ ಬೇಡಿಕೆ?" ಅಂದ್ರು.
ಕಾಗದ ಜಗದೇವಿ ಕೈಯಾಗ, ಆಕಿ ನೀರಿಗಿ ಹೋಗಿದ್ಳು.
ಯಾರಿಗೂ ಮಾತು ಹೊಳೀಲಿಲ್ಲ.
ನಾ ಎದ್ದು ನಿಂತೆ,
ಕೈ ತಾನೇ ಹೋಯ್ತು.
ಸೆರಗು ಝಾಡಿಸ್ದೆ.
ಮ್ಯಾಲಿಂದ ಎರಡು ಸಲ.
ಹಿಂದ ಖುತೇಜಾಬಿ ಓಢಣಿ,
ಆಮ್ಯಾಲ ಎಲ್ಲರೂ.

ಸಾಹೇಬ್ರ ಕರಿ ಬೂಟಿನ ಮ್ಯಾಲ
ಹಳದಿ ಧೂಳು ಕುಂತಿತು.
ನೋಡ್ರಿ, ಒಂದು ಬ್ಯಾಳಿನೂ ಇಲ್ಲ.
ಇನ್ನ ಸಾವಕಾರನ ಕರಸ್ರಿ.
ಅವ್ರೂ ಝಾಡಸ್ಲಿ.