ಮೂರು ಬೆರಳು ಆಟ

ಸ್ಟೇರಿಂಗಿನಲ್ಲಿ ಮೂರು ಬೆರಳು ಆಟವಿದೆ ಎಂದ ಕುಂಞಿಮೋನು.
ಆಟ ಅಂದರೆ ಅವರ ಭಾಷೆಯಲ್ಲಿ
ಕೈ ತಿರುಗಿದ್ದು ಚಕ್ರಕ್ಕೆ ಗೊತ್ತಾಗುವ ಮೊದಲಿನ
ಆ ಸಡಿಲ ಹೊತ್ತು.
ಪಾರ್ಟ್ಸು ಬರೋದಿಲ್ಲ ಮೇಡಂ, ಗುಜರಿಗೆ ಹಾಕಿ,
ಹದಿನೆಂಟು ಸಾವಿರ ಕೊಡಿಸ್ತೇನೆ.
ಅವತ್ತೇ ಸಂಜೆ, ಬರೀ ಸಿಟ್ಟಿಗೆ,
ಒಂದು ಸೆಟ್ ಸ್ಪ್ಯಾನರ್ ಕೊಂಡು ಮನೆಗೆ ಬಂದೆ.

ಸುಂಟಿಕೊಪ್ಪದ ಪಶು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ
ಭುಜದವರೆಗೆ ಕೈ ಒಳಗಿಟ್ಟು, ಕಣ್ಣು ಮುಚ್ಚಿ,
ಅಡ್ಡ ಮಲಗಿದ ಕರುವಿನ ಮುಂಗಾಲು ಹುಡುಕಿ ತಂದವಳು ನಾನು.
ಒಂದು ಪದ್ಮಿನಿಯ ಟೈರಾಡು ಯಾವ ಲೆಕ್ಕ?

ಲೆಕ್ಕ ಇತ್ತು.
ನೋವಾದರೆ ಹಸು ಬೆನ್ನು ಬಾಗಿಸುತ್ತದೆ, ಒದೆಯುತ್ತದೆ.
ಇದು ಸುಮ್ಮನೆ ಮಣ್ಣು ಉದುರಿಸುತ್ತದೆ ಕಣ್ಣಿಗೆ.
ಮೊದಲು ಸ್ಪ್ಲಿಟ್ ಪಿನ್ನು. ತಲೆ ಮುರಿದು ಕೈಗೆ ಬಂತು,
ಬಾಲ ಒಳಗೇ ಉಳಿಯಿತು.
ಆಮೇಲೆ ಅದು ಕಾಯುತ್ತಿದ್ದ ಕಿರೀಟದ ನಟ್ಟು:
ಕೆಸರು, ಅದರಡಿ ಗ್ರೀಸು, ಅದರಡಿ ತುಕ್ಕು,
ಅದರಡಿ ಇನ್ನೂ ಹಳೆಯ ಯಾವುದೋ ಮಳೆಗಾಲದ ಕೆಸರು.
ಸೀಮೆಎಣ್ಣೆ ಕುಡಿಸಿದೆ. ಬ್ರೇಕಾಯಿಲ್ ಕುಡಿಸಿದೆ.
ಕನ್ನಡದಲ್ಲಿ ಬೈದೆ, ಸಾಲದೆ ಕೊಡವ ತಕ್ಕಿನಲ್ಲಿ ಬೈದೆ.
ಕೊನೆಗೆ ಅಡುಗೆಮನೆಗೆ ಹೋಗಿ
ಕಪ್ಪು ಬಾಟಲಿಯಿಂದ ನಾಲ್ಕು ಹನಿ ಕಾಚಂಪುಳಿ.
ಹಂದಿಗೆ ಹಾಕುವುದನ್ನು ಕಾರಿಗೆ ಹಾಕಿದವಳು
ಈ ಒಕ್ಕದಲ್ಲಿ ನೀನೇ ಮೊದಲು, ಎಂದರು ಅತ್ತೆ,
ಮುಚ್ಚಳ ಬಿಗಿ ಮಾಡಿ ಬಾಟಲಿ ಒಳಗೊಯ್ಯುತ್ತಾ.

ಬೆಳಿಗ್ಗೆ ನಟ್ಟು ಕದಲಿತು.
ಹುಳಿಗೋ ಬೈಗುಳಕ್ಕೋ, ಇವತ್ತಿಗೂ ಗೊತ್ತಿಲ್ಲ.

ಜಾಯಿಂಟು ಕದಲಲಿಲ್ಲ.
ಬದಿಗೆ ಹೊಡೆ ಎನ್ನುತ್ತಾರೆ, ಹೊಡೆದೆ. ಹೆಬ್ಬೆರಳಿಗೂ ಹೊಡೆದೆ.
ಆಗುವುದಿಲ್ಲವೆಂದು ಸುತ್ತಿಗೆ ನೆಲಕ್ಕಿಟ್ಟ ಕ್ಷಣ
ಢಪ್ಪೆಂದು ತಾನೇ ಕಳಚಿ ಎದೆ ಮೇಲೆ ಬಿತ್ತು.
ಕೆಲವು ಕರುಗಳೂ ಹಾಗೇ,
ಎಳೆಯುವುದು ನಿಲ್ಲಿಸಿದ ಮೇಲೆಯೇ ಬರುವುದು.

ಹಳೆಯದನ್ನು ಎಷ್ಟು ಸುತ್ತು ಬಿಚ್ಚಿದೆನೋ
ಅಷ್ಟೇ ಸುತ್ತು ಹೊಸದನ್ನು ಹಾಕಬೇಕು.
ಎಣಿಸುತ್ತಿದ್ದೆ. ಹನ್ನೊಂದು, ಹನ್ನೆರಡು,
ಆಗ ಫೋನು: ಬೋಯಿಕೇರಿಯ ಚೋಂದಮ್ಮ,
ಎಮ್ಮೆ ನಿನ್ನೆಯಿಂದ ಮೇವು ಮುಟ್ಟಿಲ್ಲ, ಸಗಣಿ ತೆಳ್ಳಗೆ, ಬಣ್ಣ ಹೀಗೆ ಹೀಗೆ.
ಫೋನಿಟ್ಟಾಗ ರಾಡು ಕೈಯಲ್ಲಿತ್ತು.
ಹದಿನಾಲ್ಕೋ? ಹದಿನಾರೋ?

ಮೈಸೂರಿನಿಂದ ಪಾರ್ಸೆಲ್ ಬಂತು.
ಒಂದು ಎಡಸುತ್ತು, ಒಂದು ಬಲಸುತ್ತು ಬೇಕಿತ್ತು.
ಎರಡೂ ಎಡಸುತ್ತು ಕಳಿಸಿದ್ದರು.
ಮತ್ತೆ ಎಂಟು ದಿನ ಬಸ್ಸು,
ತೊಡೆ ಮೇಲೆ ಹೋರಿಯ ವೀರ್ಯದ ಕ್ಯಾನು.
ಹಾಲಾ ಮೇಡಂ? ಎಂದು ಕೇಳಿದಳು ಪಕ್ಕದಾಕೆ.
ಹೂಂ ಎಂದೆ.

ಇನ್ನು ಬಾಕ್ಸಿನ ನೆತ್ತಿಯ ಸ್ಕ್ರೂ.
ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ,
ಎಂದು ಕುಂಞಿಮೋನು ಯಾವತ್ತೋ ಯಾರಿಗೋ ಹೇಳಿದ್ದು ನೆನಪಿತ್ತು.
ನನ್ನ ಸಿಟ್ಟಿಗೆ ಕಾಲು ಸಾಲಲಿಲ್ಲ.
ಆಟ ಪೂರ್ತಿ ಹೋಯಿತು, ಸರಿ,
ಆದರೆ ಗೇಟಿನ ಬಳಿ ತಿರುಗಿಸಿದ ಚಕ್ರ
ತಿರುಗಿದಲ್ಲೇ ನಿಂತು, ನೆಟ್ಟಗಾಗುವುದನ್ನು ಮರೆತು,
ಸಿಲ್ವರ್ ಓಕಿಗೆ ಹಬ್ಬಿದ್ದ ಮೆಣಸಿನ ಬಳ್ಳಿಯನ್ನು
ಒಂದು ಮಾರು ಕೆಳಗೆಳೆಯಿತು.
ಒಂಚೂರು ಆಟ ಒಳಗೆ ಬಿಡಬೇಕಂತೆ.
ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದರು.

ಮೂರನೇ ಭಾನುವಾರ ಆನೆಕಾಡು.
ರಸ್ತೆ ನೆಟ್ಟಗೆ, ಕಾರು ನೆಟ್ಟಗೆ,
ಸ್ಟೇರಿಂಗು ಮಾತ್ರ ಬಲಕ್ಕೆ ವಾಲಿಕೊಂಡು,
ಕಿವಿಗೆ ಹುಣ್ಣಾದ ಕರುವಿನ ಕತ್ತಿನ ಹಾಗೆ.
ನಾನೂ ಕತ್ತು ವಾಲಿಸಿಕೊಂಡು ಓಡಿಸಿದೆ. ಖುಷಿಯಿತ್ತು.

ಎದುರಿಗೆ ಸ್ಕೂಟರ್, ಬಿಳಿ ಪಂಚೆ. ಕೈ ಅಡ್ಡ ಹಿಡಿದ.
ಯಾರು ಮಾಡಿದ್ದು?
ನಾನೇ.
ಪಂಚೆ ಎತ್ತಿ ಕಟ್ಟಿ, ರಸ್ತೆ ಬದಿಯಲ್ಲೇ ಅಂಗಾತ ಮಲಗಿ
ಅರ್ಧ ಮೈ ಕಾರಿನಡಿಗೆ ತೂರಿಸಿದ ಕುಂಞಿಮೋನು.
ಬಹಳ ಹೊತ್ತು ಮಾತಿಲ್ಲ.
ಆಮೇಲೆ, ಪಿನ್ನೆಲ್ಲಿ?

ಕೋಟಿನ ಜೇಬಿಗೆ ಕೈ ಹಾಕಿದೆ.
ಥರ್ಮಾಮೀಟರಿನ ಪಕ್ಕ, ತಣ್ಣಗೆ,
ಎರಡು, ಹೊಚ್ಚ ಹೊಸವು.
ಚಕ್ರದ ಹಿಂದಿನಿಂದ ಅವನ ಅಂಗೈ ಹೊರಬಂತು.
ಬೈಯಲಿಲ್ಲ.
ಆನೆ ದಾಟುವ ಜಾಗ ಇದು, ಬೇಗ ಕೊಡಿ, ಅಂದ.